ರೆಪ್ಪೆಯೊಳಗಿನ ಗಾಣ

ಕೆಲವು ವರ್ಷಗಳ ಹಿಂದಿನ ಮಾತು. ವಾಷಿಂಗ್ಟನ್ ಹತ್ತಿರದ ಒಂದು ಶಾಲೆಯ ಸಭಾಂಗಣದಲ್ಲಿ ಕನ್ನಡ ರಾಜ್ಯೋತ್ಸವ. ಹೊರಗೆ ನವೆಂಬರ್ ಚಳಿ, ಒಳಗೆ ಹೀಟರ್ ಬುಸುಗುಡುತ್ತಿತ್ತು. ನಾಡಗೀತೆಗೆ ಎದ್ದು ನಿಂತೆ ನೋಡಿ, ಎರಡೂ ಕಣ್ಣಿಂದ ದಳದಳ ನೀರು. ಪಕ್ಕದಲ್ಲಿದ್ದ ಹಿರಿಯರು ಬೆನ್ನು ಸವರಿದರು. ಊಟದ ಸಾಲಿನಲ್ಲಿ ಒಬ್ಬರು ಕೈ ಹಿಡಿದು, "ಊರು ಬಿಟ್ಟವರಿಗೇ ಗೊತ್ತು ಊರಿನ ಬೆಲೆ" ಎಂದರು. ನನ್ನ ತಲೆಯ ಮೇಲೇ ಬಿಸಿಗಾಳಿಯ ಕಿಂಡಿ ಇತ್ತು ಎಂದು ಹೇಳಲು ನಾಲಿಗೆ ಏಳಲಿಲ್ಲ. ಆ ಕಣ್ಣೀರನ್ನು ತಾಯಿ ಭುವನೇಶ್ವರಿಯ ಲೆಕ್ಕಕ್ಕೇ ಬರೆಸಿಬಿಟ್ಟೆ.

ನಾನಿರುವುದು ನಾರ್ತ್ ಕ್ಯಾರೊಲೈನಾದ ಕೇರಿಯಲ್ಲಿ. ಹೆಸರಿಗೆ ಕೇರಿ, ನೋಡಲು ಪಟ್ಟಣ. ಊರಿಗೆ ಮರಳಿ ಕಣ್ಣಿನ ವೈದ್ಯೆಗೆ ತೋರಿಸಿದಾಗ ಆಕೆ ಹೇಳಿದ್ದು: "ನಿಮ್ಮ ಕಣ್ಣು ಒಣಗಿದೆ." ಕರವಸ್ತ್ರ ಒದ್ದೆ ಮಾಡಿಕೊಂಡು ಕೂತವನಿಗೆ ಹೇಳುವ ಮಾತೇ ಅದು? ಕೋಡಿ ಬಿದ್ದ ಕೆರೆಯನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿದ ಹಾಗೆ.

ಆದರೆ ಒಣಗಣ್ಣಿನವರಲ್ಲಿ ಬಹಳ ಜನರ ಕಥೆ ಹೀಗೇ. ಮರಳು ಬಿದ್ದ ಹಾಗೆ ಕರಕರ, ಬೆಳಿಗ್ಗೆ ರೆಪ್ಪೆ ಅಂಟು, ಸಂಜೆಗೆ ಉರಿ, ಗಾಳಿ ತಾಗಿದರೆ ನೀರು.

ಎರಡು ನೀರು

ಕಣ್ಣಿಗೆ ಎರಡು ಬಗೆಯ ನೀರಿದೆ. ಒಂದು ದಿನವಿಡೀ ಸದ್ದಿಲ್ಲದೆ ಒಸರುವ ನಿತ್ಯದ ನೀರು. ಇನ್ನೊಂದು ಈರುಳ್ಳಿ ಹೆಚ್ಚುವಾಗ, ಧೂಳು ಬಿದ್ದಾಗ, ದುಃಖವಾದಾಗ ನುಗ್ಗುವ ತುರ್ತಿನ ನೀರು. ಕಣ್ಣಿನ ಮೇಲ್ಮೈಯಲ್ಲಿ ಒಂದೆರಡು ಕಡೆ ಒಣಗಿದರೂ ಅಲ್ಲಿನ ನರ ಬೆಂಕಿ ಬಿದ್ದ ಹಾಗೆ ಬೊಬ್ಬೆ ಹಾಕುತ್ತದೆ, ಫೈರ್ ಎಂಜಿನ್ ಓಡಿಬರುತ್ತದೆ. ನೀರು ಕೆನ್ನೆಯ ಮೇಲೆ ಹರಿದುಹೋಗುತ್ತದೆ, ಕಣ್ಣು ಮತ್ತೆ ಒಣಗುತ್ತದೆ. ಬಂದ ನೀರು ನಿಲ್ಲುವುದಿಲ್ಲ, ತೊಂದರೆ ಇರುವುದು ಅಲ್ಲಿ. ಹಾಗಾದರೆ ಆರೋಗ್ಯವಂತ ಕಣ್ಣಿನಲ್ಲಿ ನೀರನ್ನು ನಿಲ್ಲಿಸುವುದು ಯಾವುದು?

ಸಾರಿನ ಮೇಲಿನ ತುಪ್ಪ

ಎರಡು ಬಟ್ಟಲು ಬಿಸಿಸಾರು ತೆಗೆದುಕೊಳ್ಳಿ. ಒಂದಕ್ಕೆ ಧಾರಾಳವಾಗಿ ತುಪ್ಪದ ಒಗ್ಗರಣೆ ಹಾಕಿ, ಇನ್ನೊಂದು ಹಾಗೇ ಇರಲಿ. ಒಗ್ಗರಣೆ ಇಲ್ಲದ ಸಾರಿನಿಂದ ಹಬೆ ಏಳುತ್ತಲೇ ಇರುತ್ತದೆ, ಬೇಗ ಆರುತ್ತದೆ. ತುಪ್ಪ ಕವಿದದ್ದು ಹಬೆಯನ್ನೇ ತೋರಿಸುವುದಿಲ್ಲ. ತಣ್ಣಗಾಗಿದೆ ಎಂದು ಸುರಿದುಕೊಂಡವರ ನಾಲಿಗೆ ಸುಡುತ್ತದೆ. ನೀರಿನ ಮೇಲೆ ಎಣ್ಣೆಯ ಹೊದಿಕೆ ಇದ್ದರೆ ಆವಿ ಏಳುವುದು ಕಷ್ಟ.

ಕಣ್ಣಿನ ಮೇಲೂ ಇದೇ ಏರ್ಪಾಡು. ನೀರಿನ ಪದರ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಮೂರೋ ನಾಲ್ಕೋ ಪಾಲು. ಅದರ ಮೇಲೆ ಎಣ್ಣೆಯ ಹೊದಿಕೆ. ಒಂದು ತಲೆಕೂದಲಿನ ದಪ್ಪವನ್ನು ಸಾವಿರಕ್ಕೂ ಹೆಚ್ಚು ಪಾಲು ಮಾಡಿದರೆ ಒಂದು ಪಾಲು ಎಷ್ಟು ದಪ್ಪವೋ ಅಷ್ಟು! ಮಳೆ ನಿಂತ ರಸ್ತೆಯ ಮೇಲೆ ಪೆಟ್ರೋಲ್ ಚೆಲ್ಲಿದರೆ ಕಾಮನಬಿಲ್ಲು ಕಾಣುತ್ತದಲ್ಲ, ಸರಿಯಾದ ಬೆಳಕಿನಲ್ಲಿ ನೋಡಿದರೆ ಕಣ್ಣಿನ ಮೇಲೂ ಅದೇ ಬಣ್ಣಗಳು. ಆ ಬಣ್ಣ ನೋಡಿಯೇ ಹೊದಿಕೆಯ ದಪ್ಪ ಹೇಳುವ ಯಂತ್ರಗಳಿವೆ.

1950ರ ದಶಕದಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಇದೇ ಉಪಾಯವನ್ನು ಜಲಾಶಯಗಳ ಮೇಲೆ ಪ್ರಯೋಗಿಸಿದ್ದರು. ಮೇಣದಂಥ ಒಂದು ವಸ್ತುವನ್ನು ನೀರಿನ ಮೇಲೆ ಹರಡಿ ಆವಿ ತಡೆಯುವ ಯತ್ನ. ಗಾಳಿ ಬೀಸಿದರೆ ಸಾಕು, ಪದರ ಹರಿದು ದಡಕ್ಕೆ ಸೇರುತ್ತಿತ್ತು. ಜಲಾಶಯಕ್ಕೆ ರೆಪ್ಪೆ ಇಲ್ಲ. ಹರಿದ ಹೊದಿಕೆಯನ್ನು ಎಳೆದು ಮತ್ತೆ ಹಾಸುವವರು ಯಾರು?

ಗಾಣ, ಎತ್ತು, ಎಳ್ಳು

ಈ ಎಣ್ಣೆ ಬರುವುದು ರೆಪ್ಪೆಯೊಳಗಿನ ಗ್ರಂಥಿಗಳಿಂದ. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30. ಹಾರ್ಮೋನಿಯಂ ಮನೆಗಳ ಹಾಗೆ ಸಾಲಾಗಿ ನಿಂತಿವೆ, ಬಾಯಿ ಮಾತ್ರ ರೆಪ್ಪೆಯ ಅಂಚಿನಲ್ಲಿ, ಕೂದಲಿನ ಸಾಲಿಗೂ ಒಳಗೆ. ಜರ್ಮನಿಯ ಹೆಲ್ಮ್‌ಸ್ಟೆಟ್‌ನಲ್ಲಿ ವೈದ್ಯನಾಗಿದ್ದ ಹೈನ್ರಿಕ್ ಮೈಬೋಮ್ 1666ರಲ್ಲಿ ಇವುಗಳನ್ನು ವಿವರಿಸಿ ಬರೆದ. ಹಾಗಾಗಿ ವೈದ್ಯರ ಬಾಯಲ್ಲಿ ಇವು ಮೈಬೋಮಿಯನ್ ಗ್ರಂಥಿಗಳು. ನಾನು ರೆಪ್ಪೆಗಾಣ ಎನ್ನುತ್ತೇನೆ. ಚಂದಕ್ಕೆ ಇಟ್ಟ ಹೆಸರಲ್ಲ, ಕೆಲಸ ನೋಡಿ ಇಟ್ಟದ್ದು.

ಗಾಣದಲ್ಲಿ ಎಳ್ಳು ಎಣ್ಣೆಯನ್ನು ಬೆವರುವುದಿಲ್ಲ; ತಾನೇ ಅರೆದುಹೋಗಿ ಎಣ್ಣೆಯಾಗುತ್ತದೆ. ರೆಪ್ಪೆಗಾಣದ ಜೀವಕೋಶವೂ ಹಾಗೇ. ಗೋಡೆಯ ಬದಿಯಲ್ಲಿ ಹುಟ್ಟಿ, ಒಳಕ್ಕೆ ಸರಿಯುತ್ತಾ ಎಣ್ಣೆ ತುಂಬಿಕೊಂಡು ಉಬ್ಬಿ, ಕೊನೆಗೆ ಒಡೆದು, ಇಡೀ ಮೈಯನ್ನೇ ಕೊಟ್ಟುಬಿಡುತ್ತದೆ. ಹೊಸ ಎಳ್ಳು ಬರುತ್ತಿರಬೇಕು, ಹಳೆಯದು ಒಡೆಯುತ್ತಿರಬೇಕು.

ಗಾಣಕ್ಕೆ ಎತ್ತು ಬೇಕಲ್ಲ? ಅದು ನಮ್ಮ ಕಣ್ಣು ಮಿಟುಕು. ಪ್ರತಿ ಸಲ ರೆಪ್ಪೆ ಪೂರ್ತಿ ಮುಚ್ಚಿದಾಗ ಅದರ ಸ್ನಾಯು ಗಾಣವನ್ನು ಹಿಂಡಿ ಚೂರು ಎಣ್ಣೆ ಹೊರಡಿಸುತ್ತದೆ. ತೆರೆದಾಗ ಆ ಎಣ್ಣೆ ಬಟ್ಟೆಯ ಹಾಗೆ ಮೇಲಕ್ಕೆ ಎಳೆದುಕೊಂಡು ಹರಡುತ್ತದೆ. 1993ರಲ್ಲಿ ಜಪಾನಿನ ಸಂಶೋಧಕರು ಎಣಿಸಿ ನೋಡಿದರು: ಸುಮ್ಮನೆ ಕೂತಾಗ ನಿಮಿಷಕ್ಕೆ ಸುಮಾರು 22 ಮಿಟುಕು, ಪುಸ್ತಕ ಓದುವಾಗ 10, ಕಂಪ್ಯೂಟರ್ ಪರದೆ ನೋಡುವಾಗ 7. ಅದರಲ್ಲೂ ಅರ್ಧಂಬರ್ಧ ಮುಚ್ಚುವವು ಎಷ್ಟೋ. ದಿನಕ್ಕೆ ಹತ್ತು ತಾಸು ಪರದೆಯ ಮುಂದೆ ಕೂರುವ ನನ್ನಂಥವರ ಎತ್ತು ನೊಗ ಹೊತ್ತು ನಿಂತಲ್ಲೇ ನಿದ್ದೆ ಮಾಡುತ್ತದೆ.

ಮೂರು ಡಿಗ್ರಿಯ ಜಗಳ

ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಗೆ ಕಡ್ಡಿ ಹಾಕಿ ಕೆದಕಿದ ನೆನಪು ಯಾರಿಗಿಲ್ಲ? ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ. ಅದಕ್ಕಿಂತ ಸ್ವಲ್ಪ ತಣ್ಣಗಾದರೆ ಗಡ್ಡೆ. ಅದೇ ಬಾಟಲಿ, ಅದೇ ಎಣ್ಣೆ, ಎರಡು ಡಿಗ್ರಿಯ ವ್ಯತ್ಯಾಸಕ್ಕೆ ಬಾಯಿಂದ ಹೊರಗೆ ಬರುವುದಿಲ್ಲ.

ಆರೋಗ್ಯವಂತ ರೆಪ್ಪೆಯೆಣ್ಣೆ ಕರಗುವುದು ಸುಮಾರು 32 ಡಿಗ್ರಿಗೆ. ರೆಪ್ಪೆಯ ಬಿಸಿ ಅದಕ್ಕಿಂತ ಒಂದೆರಡು ಡಿಗ್ರಿ ಮೇಲೆ ಇರುವುದರಿಂದ ಎಣ್ಣೆ ತಿಳಿಯಾಗಿ ಹರಿಯುತ್ತದೆ. ಗಾಣ ಕೆಟ್ಟವರ ಎಣ್ಣೆ ಕರಗಲು ಸುಮಾರು 35 ಡಿಗ್ರಿ ಬೇಕು. ರೆಪ್ಪೆಯಲ್ಲಿ ಅಷ್ಟು ಕಾವಿಲ್ಲ. ಇಡೀ ಕಾಯಿಲೆ ಈ ಮೂರು ಡಿಗ್ರಿಯಲ್ಲಿದೆ.

ಎಣ್ಣೆ ಹೀಗೇಕೆ ಗಟ್ಟಿಯಾಗುತ್ತದೆ? ಶುರುವಾಗುವುದು ಗಾಣದ ಬಾಯಿಯಲ್ಲಿ. ಅಲ್ಲಿನ ಚರ್ಮದ ಹೊಟ್ಟು ಅತಿಯಾಗಿ ಉದುರಿ ಎಣ್ಣೆಯೊಂದಿಗೆ ಕಲೆತು ಬಿರಡೆ ಕಟ್ಟುತ್ತದೆ. ಎಣ್ಣೆ ಒಳಗೇ ನಿಲ್ಲುತ್ತದೆ, ನಿಂತದ್ದು ಮಂದವಾಗುತ್ತದೆ, ಮಂದವಾದದ್ದು ಇನ್ನಷ್ಟು ನಿಲ್ಲುತ್ತದೆ. ಹಿಂದಿನಿಂದ ಒತ್ತಡ ಏರುತ್ತದೆ, ಎಳ್ಳು ಹುಟ್ಟುವ ಜಾಗವೇ ನಜ್ಜುಗುಜ್ಜಾಗಿ ಗಾಣ ಮುರುಟುತ್ತದೆ. ಒಂದೇ ಗಾಣ ಕಟ್ಟಿಕೊಂಡು ಊದಿದರೆ ರೆಪ್ಪೆಯಲ್ಲಿ ಗಂಟು. ಅಜ್ಜಿಯರು ಬೆರಳನ್ನು ಅಂಗೈಗೆ ಉಜ್ಜಿ ಬಿಸಿ ಮಾಡಿ ಕಣ್ಣಿನ ಕುರುವಿಗೆ ಒತ್ತುತ್ತಿದ್ದರಲ್ಲ, ದಾರಿ ಸರಿಯೇ ಇತ್ತು, ಕಾವು ಸಾಲುತ್ತಿರಲಿಲ್ಲ.

ಇದರ ಮೇಲೆ ಸೋಪಿನ ಕಾರ್ಖಾನೆ ಬೇರೆ. ರೆಪ್ಪೆಯಂಚಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ನಿಂತ ಎಣ್ಣೆಯನ್ನು ಕತ್ತರಿಸಿ ಕೊಬ್ಬಿನಾಮ್ಲ ಬಿಡುಗಡೆ ಮಾಡುತ್ತವೆ. ಕೊಬ್ಬಿನಾಮ್ಲಕ್ಕೂ ಸೋಪಿಗೂ ಬಹಳ ದೂರವಿಲ್ಲ. ಕೆಲವರ ಕಣ್ಣಂಚಿನಲ್ಲಿ ಬಿಳಿ ನೊರೆ ಕಾಣುವುದು ಅದಕ್ಕೇ. ಕಣ್ಣಿನ ಮೇಲೆ ಸೋಪು ಕಲೆತರೆ ಉರಿಯದೆ ಇನ್ನೇನು?

ವೈದ್ಯೆ ನನ್ನ ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲನೆ ಒತ್ತಿ, ದೊಡ್ಡದು ಮಾಡಿದ ಚಿತ್ರವನ್ನು ಪರದೆಯಲ್ಲಿ ತೋರಿಸಿದರು. ಆಲಿವ್ ಎಣ್ಣೆಯಂತೆ ತಿಳಿ ಹನಿಗಳ ಸಾಲು ಏಳಬೇಕಿತ್ತು. ಎದ್ದದ್ದು ಶಾವಿಗೆ. ನಾಲ್ಕು ಬಾಯಿಗಳಿಂದ ಹಳದಿ ಬಿಳುಪಿನ ಎಳೆಗಳು, ಶಾವಿಗೆ ಒರಳಿನಿಂದ ಇಳಿಯುವ ಹಾಗೆ, ಸ್ವಲ್ಪ ಬಂದು ಬಾಗಿ ನಿಂತವು. ಉಳಿದ ಬಾಯಿಗಳು ತುಟಿ ಬಿಚ್ಚಲಿಲ್ಲ. ಎರಡು ವರ್ಷದಿಂದ ನಾನು ಅಂಗಡಿಯ ಕೃತಕ ಕಣ್ಣೀರು ಸುರಿದುಕೊಳ್ಳುತ್ತಿದ್ದೆ; ಒಗ್ಗರಣೆ ಸೀದುಹೋದ ಸಾರಿಗೆ ನೀರು ಬೆರೆಸಿದ ಹಾಗಾಗಿತ್ತು.

ನನ್ನದೇನೂ ಅಪರೂಪದ ಕೇಸಲ್ಲ. 2012ರ ಒಂದು ಅಧ್ಯಯನದಲ್ಲಿ ಒಣಗಣ್ಣಿನ ಕಾರಣ ವಿಂಗಡಿಸಲು ಸಾಧ್ಯವಾದವರ ಪೈಕಿ ನೂರಕ್ಕೆ 86 ಮಂದಿಯಲ್ಲಿ ರೆಪ್ಪೆಗಾಣದ ದೋಷವಿತ್ತು. ಬರೀ ನೀರು ಕಡಿಮೆ ಇದ್ದವರು ಅಲ್ಪಸಂಖ್ಯಾತರು.

ಪಕ್ಕದೂರಿನ ಕಾವು

ಬಾಸ್ಟನ್ನಿನ ಡೊನಾಲ್ಡ್ ಕಾರ್ಬ್ ಎಂಬ ಕಣ್ಣುತಜ್ಞರು 1980ರಲ್ಲಿ, ಕಾಂಟ್ಯಾಕ್ಟ್ ಲೆನ್ಸ್ ಸಹಿಸಲಾಗದವರ ರೆಪ್ಪೆ ಹಿಂಡಿ ನೋಡಿ, ಗಾಣ ಕಟ್ಟಿರುವುದೇ ಕಾರಣ ಎಂದು ಬರೆದವರಲ್ಲಿ ಒಬ್ಬರು. ಮುಂದೆ ಅವರು ಕಟ್ಟಿದ ಟಿಯರ್‌ಸೈನ್ಸ್ ಎಂಬ ಕಂಪನಿ ನಮ್ಮ ಪಕ್ಕದ ಮಾರಿಸ್‌ವಿಲ್‌ನಲ್ಲಿತ್ತು. ದೋಸೆ ಹಿಟ್ಟು, ಕರಿಬೇವು ಎಂದರೆ ನಾವು ಹೋಗುವ ಊರು. ಆ ಕಂಪನಿಯ ಲಿಪಿಫ್ಲೋ ಯಂತ್ರಕ್ಕೆ 2011ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು: ರೆಪ್ಪೆಯ ಒಳಬದಿಯನ್ನು 42.5 ಡಿಗ್ರಿಗೆ ಕಾಯಿಸಿ, ಹೊರಗಿನಿಂದ ಒತ್ತಿ ಒತ್ತಿ ಬಿಡುತ್ತದೆ, 12 ನಿಮಿಷ. ಮನೆಯಲ್ಲಿ ಅಕ್ಕಿ ತುಂಬಿದ ಬಟ್ಟೆಗಂಟು ಬಿಸಿ ಮಾಡಿ ಕಾವು ಕೊಟ್ಟರೂ ತತ್ತ್ವ ಅದೇ. ಒದ್ದೆ ಬಟ್ಟೆ ಎರಡು ನಿಮಿಷಕ್ಕೆ ಆರುತ್ತದೆ, ಅಷ್ಟರಲ್ಲಿ ಗಡ್ಡೆ ಕರಗುವುದಿಲ್ಲ.

ಆದರೆ ಕಾವು ಗಡ್ಡೆಯನ್ನು ಕರಗಿಸುತ್ತದೆಯೇ ಹೊರತು ಗಾಣದಲ್ಲಿ ತಯಾರಾಗುವ ಎಣ್ಣೆಯನ್ನು ಬದಲಿಸುವುದಿಲ್ಲ. ಚಳಿಗಾಲದಲ್ಲಿ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟರೆ ಆ ಹೊತ್ತಿಗೆ ಸರಿ, ನಾಳೆ ಮತ್ತೆ ಇಡಬೇಕು. ಎಣ್ಣೆಯ ಗುಣವನ್ನೇ ತಿದ್ದುವುದು ಹನಿಯ ಕೆಲಸ.

ಡರ್ಹಮ್‌ನ ಅಂಟು ಹನಿ

ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಅಜಿತ್ರೋಮೈಸಿನ್ ನೆನಪಿದೆಯಲ್ಲ? ಅದೇ ಔಷಧ ಶೇಕಡಾ 1ರ ಪ್ರಮಾಣದಲ್ಲಿ ಕಣ್ಣಿನ ಹನಿಯಾಗಿ 2007ರಲ್ಲಿ ಎಫ್‌ಡಿಎ ಒಪ್ಪಿಗೆ ಪಡೆಯಿತು. ಹೆಸರು ಅಜಾಸೈಟ್. ಅದನ್ನು ಅಮೆರಿಕದಲ್ಲಿ ಮಾರಿದ್ದು ಡರ್ಹಮ್‌ನ ಇನ್‌ಸ್ಪೈರ್ ಫಾರ್ಮಸ್ಯೂಟಿಕಲ್ಸ್, ನನ್ನ ಮನೆಯಿಂದ ಅರ್ಧ ಗಂಟೆಯ ದಾರಿ. ಚಾಪೆಲ್ ಹಿಲ್ ವಿಶ್ವವಿದ್ಯಾಲಯದ ಶ್ವಾಸಕೋಶ ಸಂಶೋಧನೆಯಿಂದ ಹುಟ್ಟಿದ ಕಂಪನಿ ಅದು. ಅದರ ಸ್ವಂತ ಕೂಸು ಡೈಕ್ವಾಫೊಸಾಲ್ ಎಂಬ ಬೇರೊಂದು ಹನಿ. ಕಣ್ಣಿನ ಮೇಲ್ಪೊರೆಯಿಂದ ನೀರು, ಲೋಳೆ ಒಸರುವಂತೆ ಮಾಡುತ್ತಿತ್ತು. ಅಮೆರಿಕದಲ್ಲಿ ಅದು ತೇರ್ಗಡೆಯಾಗಲಿಲ್ಲ, 2010ರಲ್ಲಿ ಜಪಾನ್ ಒಪ್ಪಿಕೊಂಡಿತು. ಮರುವರ್ಷ ಕಂಪನಿಯನ್ನೇ ಮರ್ಕ್ ಕೊಂಡುಕೊಂಡಿತು.

ಅಜಾಸೈಟ್‌ಗೆ ಒಪ್ಪಿಗೆ ಸಿಕ್ಕಿದ್ದು ಬ್ಯಾಕ್ಟೀರಿಯಾದಿಂದ ಬರುವ ಕೆಂಗಣ್ಣಿಗೆ. ಗಾಣಕ್ಕೂ ಇದನ್ನು ಕೊಟ್ಟು ನೋಡಿದವರು ವೈದ್ಯರು. ಚೀಟಿಯಲ್ಲಿ ಅಚ್ಚಾದ ಕಾಯಿಲೆ ಒಂದು, ಬಳಸಿದ ಕಾಯಿಲೆ ಇನ್ನೊಂದು. ವೈದ್ಯಕೀಯದಲ್ಲಿ ಇದು ನಡೆದುಬಂದ ರೂಢಿ. ಅಂಟಂಟಾದ ಹನಿ, ಹಾಕಿದ ಸ್ವಲ್ಪ ಹೊತ್ತು ಜಗತ್ತು ಮಂಜು. ಅಂಟಿರುವುದರಿಂದಲೇ ಔಷಧ ರೆಪ್ಪೆಯ ಒಳಕ್ಕೆ ಇಳಿಯುತ್ತದೆ, ಇಳಿದದ್ದು ದಿನಗಟ್ಟಲೆ ಅಲ್ಲೇ ಉಳಿಯುತ್ತದೆ.

ಕೆಂಟಕಿಯ ಲೂಯಿವಿಲ್‌ನಲ್ಲಿ ಗ್ಯಾರಿ ಫೌಕ್ಸ್, ಡಗ್ಲಸ್ ಬೋರ್ಚ್‌ಮನ್ ಮತ್ತು ಸಂಗಡಿಗರು ನಾಲ್ಕು ವಾರ ಈ ಹನಿ ಹಾಕಿಸಿಕೊಂಡವರ ರೆಪ್ಪೆಯೆಣ್ಣೆ ತೆಗೆದು ಪರೀಕ್ಷಿಸಿ 2010ರಲ್ಲಿ ಬರೆದರು. ಎಣ್ಣೆ ಗಟ್ಟಿಯಿಂದ ತಿಳಿಗೆ ತಿರುಗುವ ಉಷ್ಣತೆ ಕೆಳಗಿಳಿದು, ಆರೋಗ್ಯವಂತರ ಎಣ್ಣೆಯ ಕಡೆಗೆ ಸರಿದಿತ್ತು. ಅಂದರೆ ಹನಿ ಆ ಮೂರು ಡಿಗ್ರಿಯ ಜಗಳಕ್ಕೇ ಕೈ ಹಾಕಿತ್ತು.

ಬ್ಯಾಕ್ಟೀರಿಯಾ ಸತ್ತವು, ಸೋಪಿನ ಕಾರ್ಖಾನೆ ಮುಚ್ಚಿತು, ಉರಿಯೂತ ಇಳಿಯಿತು. ಇಷ್ಟಕ್ಕೇ ಹೀಗಾಯಿತು ಎಂದು ನಾವು ಸುಮ್ಮನಾಗಬಹುದಿತ್ತು. ಆದರೆ ಬಾಸ್ಟನ್ನಿನ ಡೇವಿಡ್ ಸಲಿವನ್ ತಂಡ ಗಾಣದ ಜೀವಕೋಶಗಳನ್ನು ಮಾತ್ರ ಗಾಜಿನ ತಟ್ಟೆಯಲ್ಲಿ ಬೆಳೆಸಿ ಅಜಿತ್ರೋಮೈಸಿನ್ ಕೊಟ್ಟಿತು. ಕೊಲ್ಲಲು ಅಲ್ಲಿ ಒಂದು ಬ್ಯಾಕ್ಟೀರಿಯಾ ಕೂಡ ಇರಲಿಲ್ಲ. ಆದರೂ ಜೀವಕೋಶಗಳು ಎಣ್ಣೆ ತುಂಬಿಕೊಂಡು ಬಲಿತವು. ಇದೇ ಕಾಯಿಲೆಗೆ ಮಾತ್ರೆಯಾಗಿ ಕೊಡುವ ಡಾಕ್ಸಿಸೈಕ್ಲಿನ್ ಹಾಕಿದಾಗ ಹಾಗಾಗಲಿಲ್ಲ. 2014 ಮತ್ತು 2015ರಲ್ಲಿ ಪ್ರಕಟವಾದ ಈ ಕೆಲಸ ನನಗೆ ಬಹಳ ಇಷ್ಟ. ಕ್ರಿಮಿನಾಶಕ ಎಂದು ತಂದದ್ದು ಗೊಬ್ಬರದ ಕೆಲಸ ಮಾಡಿತು ಎಂದರೆ ರೈತ ನಗುತ್ತಾನೆ; ಇಲ್ಲಿ ಆದದ್ದು ಅದೇ. ಎಳ್ಳು ಬಲಿಯುವಂತೆ ಹನಿ ನೇರವಾಗಿ ಗಾಣಕ್ಕೇ ಹೇಳುತ್ತದೆ.

ನೀರಿಲ್ಲದ ಹನಿ

ಪಾಳುಬಿದ್ದ ಗಾಣಕ್ಕೆ ಗೊಬ್ಬರ ಹಾಕಿ ಏನು? ಅಂಥವರಿಗೆ ಹೊರಗಿನಿಂದಲೇ ಹೊದಿಕೆ ಹೊದಿಸುವ ಹನಿ ಬಂದಿದೆ. ಜರ್ಮನಿಯ ಹೈಡೆಲ್‌ಬರ್ಗ್‌ನ ನೊವಾಲಿಕ್ ರೂಪಿಸಿದ್ದು, ಬಾಷ್ ಅಂಡ್ ಲೋಂಬ್ ಮಾರುವುದು, ಅಮೆರಿಕದ ಹೆಸರು ಮೈಬೋ, ಒಪ್ಪಿಗೆ 2023ರ ಮೇ ತಿಂಗಳು. ಸೀಸೆಯಲ್ಲಿ ಒಂದು ತೊಟ್ಟು ನೀರಿಲ್ಲ. ಇರುವುದು ಒಂದೇ ವಸ್ತು: ಹದಿನಾಲ್ಕು ಇಂಗಾಲದ ಸರಪಳಿ, ಆರಕ್ಕೆ ಫ್ಲೋರಿನ್ ಅಂಗಿ, ಎಂಟಕ್ಕೆ ಹೈಡ್ರೋಜನ್ ಅಂಗಿ. ಹೈಡ್ರೋಜನ್ ತುದಿಗೆ ಎಣ್ಣೆಯ ಜೊತೆ ನೆಂಟಸ್ತಿಕೆ, ಫ್ಲೋರಿನ್ ತುದಿಗೆ ಎಣ್ಣೆಯೂ ಬೇಡ, ನೀರೂ ಬೇಡ. ಅದು ಗಾಳಿಯ ಕಡೆ ಮುಖ ಮಾಡಿ ನಿಲ್ಲುತ್ತದೆ. ಹೀಗೆ ಅಣುಗಳು ಸಾಲಾಗಿ ನಿಂತು ಚಪ್ಪರ ಹಾಕುತ್ತವೆ. ರೆಪ್ಪೆಗಾಣ ಕೆಟ್ಟ 1,200ಕ್ಕೂ ಹೆಚ್ಚು ಜನರ ಮೇಲೆ ಎರಡು ಪರೀಕ್ಷೆ ನಡೆದವು, ಹೆಸರು ಗೋಬಿ ಮತ್ತು ಮೊಹಾವಿ. ಎರಡೂ ಮರುಭೂಮಿಗಳು, ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತು. ದಿನಕ್ಕೆ ನಾಲ್ಕು ಸಲ, ಎಂಟು ವಾರ. ಉಪ್ಪುನೀರಿನ ಹನಿಗಿಂತ ಇದು ಮೇಲು ಎಂದು ಎರಡರಲ್ಲೂ ಕಂಡಿತು. ಹನಿ ಎಷ್ಟು ಚಿಕ್ಕದೆಂದರೆ ಬಿತ್ತೋ ಇಲ್ಲವೋ ತಿಳಿಯುವುದಿಲ್ಲ. ಬೆಲೆ ಮಾತ್ರ ಚೆನ್ನಾಗಿ ತಿಳಿಯುತ್ತದೆ: ವಿಮೆ ಕೈಬಿಟ್ಟರೆ ತಿಂಗಳಿಗೆ ನೂರಾರು ಡಾಲರ್.

ಅದೇ ವರ್ಷದ ಜುಲೈನಲ್ಲಿ ರೆಪ್ಪೆಯಂಚಿನ ಇನ್ನೊಂದು ತೊಂದರೆಗೂ ಒಂದು ಹನಿಗೆ ಒಪ್ಪಿಗೆ ಸಿಕ್ಕಿತು, ಎಕ್ಸ್‌ಡೆಮ್ವಿ. ರೆಪ್ಪೆಗೂದಲ ಬುಡದಲ್ಲಿ ಮನೆ ಮಾಡುವ ಡೆಮೊಡೆಕ್ಸ್ ಎಂಬ ನುಸಿಗೆ ಲಕ್ವ ಹೊಡೆಸುವ ಔಷಧ. ನಾಯಿಯ ಚಿಗಟಕ್ಕೆ ಕೊಡುವ ಮಾತ್ರೆಯಲ್ಲಿರುವುದೂ ಇದೇ ಲೊಟಿಲಾನರ್.

ಇನ್ನು ಮೀನೆಣ್ಣೆ. ನಮ್ಮ ಕೂಟಗಳಲ್ಲಿ ಒಣಗಣ್ಣಿನ ಮಾತು ಬಂದರೆ ಒಮೆಗಾ-3 ಗುಳಿಗೆ ಹೇಳದವರಿಲ್ಲ. ಬೆಥೆಸ್ಡಾದ ರಾಷ್ಟ್ರೀಯ ಕಣ್ಣಿನ ಸಂಸ್ಥೆ ಹಣ ಕೊಟ್ಟು ಮಾಡಿಸಿದ ಡ್ರೀಮ್ ಅಧ್ಯಯನ 2018ರಲ್ಲಿ ಹೊರಬಂತು: ಒಂದು ವರ್ಷ ದಿನಕ್ಕೆ 3,000 ಮಿಲಿಗ್ರಾಂ ನುಂಗಿದವರಿಗೂ ಆಲಿವ್ ಎಣ್ಣೆಯ ಗುಳಿಗೆ ನುಂಗಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ.

ಸೀಸೆಯ ಒಳಗೆ

ವಾಷಿಂಗ್ಟನ್ ಅಂಚಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಎಫ್‌ಡಿಎ ಕೂತಿದೆ. ಅಲ್ಲಿಂದ ದಕ್ಷಿಣಕ್ಕೆ ಹೊರಟು, 85ನೇ ಹೆದ್ದಾರಿ ಹಿಡಿದು, ಡರ್ಹಮ್ ದಾಟಿ, ಎರಡೂ ಕ್ಯಾರೊಲೈನಾ ಕಳೆದರೆ ಅಟ್ಲಾಂಟಾ. ಅಲ್ಲಿ ರೋಗ ನಿಯಂತ್ರಣ ಕೇಂದ್ರ ಸಿಡಿಸಿ. 2023ರಲ್ಲಿ ಈ ಎರಡೂ ಕಚೇರಿಗಳು ಒಂದೇ ಸೀಸೆಯ ಬೆನ್ನು ಹತ್ತಿದವು. ಚೆನ್ನೈ ಬಳಿ ತಯಾರಾದ, ಸಂರಕ್ಷಕ ಬೆರೆಸದ ಕೃತಕ ಕಣ್ಣೀರಿನೊಂದಿಗೆ ತಳುಕು ಹಾಕಿಕೊಂಡ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೋಂಕು. ಸಿಡಿಸಿ ಎಣಿಸಿದ್ದು 18 ರಾಜ್ಯಗಳಲ್ಲಿ 81 ಮಂದಿ. 14 ಜನರ ದೃಷ್ಟಿ ಹೋಯಿತು, ನಾಲ್ವರ ಕಣ್ಣುಗುಡ್ಡೆ ತೆಗೆಯಬೇಕಾಯಿತು, ನಾಲ್ವರು ಸತ್ತರು.

ಹಾಗೆಂದು ಸಂರಕ್ಷಕ ಇರುವ ಸೀಸೆಯೇ ವಾಸಿ ಎನ್ನುವಂತಿಲ್ಲ. ಹನಿಗಳಲ್ಲಿ ಹೆಚ್ಚಾಗಿ ಬಳಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಗುಣದಲ್ಲಿ ಮಾರ್ಜಕವೇ. ಕ್ರಿಮಿಯ ಪೊರೆಯ ಜೊತೆ ನಮ್ಮ ಎಣ್ಣೆಯ ಹೊದಿಕೆಯನ್ನೂ ಒಡೆಯುತ್ತದೆ. ಗ್ಲಾಕೋಮಾಕ್ಕೆ ವರ್ಷಗಟ್ಟಲೆ ಹನಿ ಹಾಕುವವರ ರೆಪ್ಪೆಗಾಣ ಕೆಡುವುದರಲ್ಲಿ ಇದರ ಪಾಲೂ ಇದೆ.

ನನ್ನಮ್ಮ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಇಷ್ಟಕ್ಕೆ ಅಲ್ಲಿ ತನಕ ಹೋಗಬೇಕಿತ್ತಾ, ಹರಳೆಣ್ಣೆ ಬಿಟ್ಟುಕೋ" ಎಂದರು. ಪೂರ್ತಿ ತಳ್ಳಿಹಾಕುವ ಮಾತಲ್ಲ. 2002ರಲ್ಲಿ ಜಪಾನಿನ ವೈದ್ಯರು ಶೇಕಡಾ 2ರ ಹರಳೆಣ್ಣೆ ಬೆರೆಸಿದ ಹನಿಯಿಂದ ಕಟ್ಟಿದ ಗಾಣದವರಿಗೆ ಉಪಯೋಗವಾದದ್ದನ್ನು ಬರೆದಿದ್ದಾರೆ. ಒಣಗಣ್ಣಿನ ಪ್ರಸಿದ್ಧ ಹನಿ ರೆಸ್ಟಾಸಿಸ್‌ನಲ್ಲೂ ಔಷಧವನ್ನು ಹೊತ್ತಿರುವುದು ಹರಳೆಣ್ಣೆಯೇ. ಆದರೆ ಅದು ಕ್ರಿಮಿರಹಿತವಾಗಿ ಮಾಡಿ ಸಣ್ಣ ಕಣಗಳಾಗಿ ಒಡೆದ ಎಣ್ಣೆ. ಅಡುಗೆಮನೆಯ ಕಪಾಟಿನದು ಕಣ್ಣಿಗಲ್ಲ. ಹರಳೆಣ್ಣೆ ದೀಪದ ಕಾಡಿಗೆಯನ್ನು ರೆಪ್ಪೆಯ ಒಳಂಚಿಗೆ ತೀಡಿದರೆ ಅದು ಕೂರುವುದೂ ನೇರ ಗಾಣದ ಬಾಯಿಯ ಮೇಲೆ. ಇದನ್ನು ಅಮ್ಮನಿಗೆ ಹೇಳಲು ಹೋಗಿ ಬೈಸಿಕೊಂಡೆ.

ಕೊನೆಗೆ ನಾನು ಮಾಡಿದ್ದು ಇಷ್ಟು: ದಿನಕ್ಕೆರಡು ಸಲ ಅಕ್ಕಿಗಂಟಿನ ಕಾವು, ನಾಲ್ಕು ವಾರ ಅಂಟು ಹನಿ, ಗಂಟೆಗೊಮ್ಮೆ ಬೇಕೆಂದೇ ಪೂರ್ತಿ ಕಣ್ಣು ಮುಚ್ಚಿ ತೆರೆಯುವ ವ್ಯಾಯಾಮ. ವೈದ್ಯೆ ಮತ್ತೆ ಬೆರಳಿಟ್ಟು ಒತ್ತಿದರು. ಈ ಸಲ ಎಣಿಸಿದೆವು. ಒಂಬತ್ತು ಬಾಯಿಗಳಲ್ಲಿ ತಿಳಿ ಹನಿ, ನಾಲ್ಕರಲ್ಲಿ ಇನ್ನೂ ಶಾವಿಗೆ. ಮೂಗಿನ ಬದಿಯ ಆರೇಳು ಕಡೆ ಏನೂ ಇಲ್ಲ. ಅತಿಕೆಂಪು ಕಿರಣದ ಚಿತ್ರದಲ್ಲಿ ಅಲ್ಲಿ ಹಾರ್ಮೋನಿಯಂನ ಮನೆಗಳೇ ಉದುರಿದ್ದವು, ಬರೀ ಬೂದು ಬಣ್ಣ. "ಇವು ಹೋದವು" ಎಂದರು ಆಕೆ, ಪೆನ್ನಿನ ತುದಿಯಿಂದ ಒಂದೊಂದನ್ನೇ ತೋರಿಸುತ್ತಾ. ಆಮೇಲೆ ಕ್ಯಾಲೆಂಡರ್ ತಿರುವಿ, "ಅಕ್ಟೋಬರಿನಲ್ಲಿ ಬನ್ನಿ, ಹೀಟರ್ ಹಾಕುವ ಮೊದಲು" ಎಂದು ದಿನ ಗುರುತು ಮಾಡಿಕೊಂಡರು.